ಷರಾ

ಕಡತದ ಎಡ ಅಂಚಿನಲ್ಲಿ ಷರಾ ಬರೆಯಲೆಂದು
ಎರಡು ಬೆರಳಗಲ ಜಾಗ ಬಿಡುವುದು ರೂಢಿ.
ಅಲ್ಲಿ ಹಿಡಿಸದೆ ಉಳಿದದ್ದು ಇದು.

ಮೊದಲ ಸಲ ಕೌಲ್ ಬಜಾರಿನ ಹಿಂದೆ
ಹದಿನೇಳು ಜೀನ್ಸ್ ತೊಳೆಯುವ ಶೆಡ್ಡುಗಳಿಗೆ ಬೀಗ ಹಾಕಿದೆವು.
ಮೋರಿ ನೀಲಿ, ಮೋರಿಗಿಳಿದ ಹಂದಿಯ ಹೊಟ್ಟೆ ನೀಲಿ,
ನಮ್ಮ ಸೆಕ್ಷನ್ನು ಸರಿಯಾಗಿಯೇ ಇತ್ತು.
ಅರಗಿನ ಮುದ್ರೆ ಒತ್ತಿದವನು ನಾನೇ; ಹೆಬ್ಬೆರಳು ಸುಟ್ಟಿತು.
ತಿಂಗಳೊಪ್ಪತ್ತಿಗೆ ಮೋರಿ ತಿಳಿಯಾಯಿತು,
ಸಾಹೇಬರ ಫೋಟೊ ಪೇಪರಿಗೆ ಬಂತು.

ಆಮೇಲೆ ಹಗರಿ ದಾರಿಯ ಹಳ್ಳ ನೀಲಿಯಾಯಿತು.
ರಾತ್ರಿ ಟ್ಯಾಂಕರುಗಳು ಹೋಗುತ್ತಿದ್ದವಂತೆ, ಲೈಟು ಆರಿಸಿಕೊಂಡು.
ಹತ್ತರ ಮೇಲೆ ಟ್ಯಾಂಕರು ಓಡಿಸಕೂಡದು ಎಂದು
ಆದೇಶ ಟೈಪು ಮಾಡಿದೆ. ಕಾಗುಣಿತವೂ ತಪ್ಪಿರಲಿಲ್ಲ.

ನಾಲ್ಕನೇ ದಿನ ಹುಸೇನಮ್ಮ ಬಂದಳು,
ಹೊಲಿದ ಪ್ಯಾಂಟಿನ ದಾರ ಕತ್ತರಿಸುವಾಕೆ, ಪೀಸಿಗೆ ಅರವತ್ತು ಪೈಸೆ.
"ನಮ್ಮ ಓಣಿಗಿ ಕುಡಿಯಾ ನೀರು ರಾತ್ರಿ ಟ್ಯಾಂಕರಿಗೇ ಬರ್ತಿತ್ತು ಸಾರ್.
ಈಗ ನೀವು ನಿಲ್ಲಿಸೀರಿ."
ಬೈಯಲಿಲ್ಲ. ನಾನು ಕಡತ ಹುಡುಕುವಷ್ಟರಲ್ಲಿ
ಕಂಕುಳಲ್ಲಿದ್ದ ಪ್ಯಾಂಟು ಬಿಡಿಸಿ ಕೆಲಸಕ್ಕೆ ಕೂತಳು.
ಕಾಲಿನ ಹತ್ತಿರ ಒಂದೆಳೆ ಜಗ್ಗಿದಳು;
ನೆರಿಗೆ ಬಿದ್ದದ್ದು ಸೊಂಟದಲ್ಲಿ.

ಆ ಸಂಜೆ ಹಳೆಯ ಸುತ್ತೋಲೆಯ ಬೆನ್ನಿಗೆ ಬಾಣ ಬರೆಯುತ್ತ ಕೂತೆ.
ಶೆಡ್ಡಿನಿಂದ ಹಳ್ಳಕ್ಕೆ, ಹಳ್ಳದಿಂದ ಬೋರಿಗೆ,
ಬೋರಿನಿಂದ ಟ್ಯಾಂಕರಿಗೆ, ಟ್ಯಾಂಕರಿನಿಂದ ಹುಸೇನಮ್ಮನ ಕೊಡಕ್ಕೆ,
ಕೊಡದಿಂದ ಕೂಲಿಗೆ, ಕೂಲಿಯಿಂದ ಮತ್ತೆ ಶೆಡ್ಡಿಗೆ.
ಒಂದು ಬಾಣ ತಿರುಗಿ ನನ್ನ ಕುರ್ಚಿಗೇ ಬಂತು:
ತೊಟ್ಟಿದ್ದೆನಲ್ಲ, ಮುನ್ನೂರೈವತ್ತಕ್ಕೆ ಕೊಂಡದ್ದು.

ಮಣ್ಣಿನೊಳಗೆ ನಡೆದು ಬಣ್ಣ ಬೋರು ಮುಟ್ಟಲು ನಾಲ್ಕು ವರ್ಷ.
ಸಾಹೇಬರು ವರ್ಗವಾಗಲು ಹನ್ನೊಂದು ತಿಂಗಳು.
ಇವೆರಡರ ನಡುವಿನ ಕಾಲಕ್ಕೆ
ನಮ್ಮ ನಮೂನೆಯಲ್ಲಿ ಕಾಲಮ್ಮಿಲ್ಲ.

ಎಲ್ಲ ಶೆಡ್ಡಿನ ನೀರನ್ನೂ ಒಂದೇ ಕಡೆ ತಿಳಿಗೊಳಿಸಿ
ಮತ್ತೆ ಶೆಡ್ಡಿಗೇ ಕೊಟ್ಟರೆ, ಎಂದು ಬರೆದೆ.
ಕೊಡುವವರು ಯಾರು ಎಂಬಲ್ಲಿ
ಪೆನ್ನು ನಿಂತಿತು.

ಬೆಳಿಗ್ಗೆ ಅಟೆಂಡರ್ ಗಾದಿಲಿಂಗ ಹಾಳೆ ಎತ್ತಿ ಹಿಡಿದು,
ಒಂದೇ ದಾರಕ್ಕೆ ಕಟ್ಟಿದ ನಾಲ್ಕು ಕೀಲಿ ಸವರುತ್ತ ಕೇಳಿದ:
"ಇದನ್ನ ಯಾ ಕಪಾಟಿಗೆ ಇಡ್ಲಿ ಸಾರ್?
ನೀರಿಂದಾ, ಕೂಲಿದಾ, ಗಾಡಿದಾ, ಮಾಲಿನ್ಯದ್ದಾ?"

ಟೇಬಲ್ಲಿನ ಮೇಲೇ ಇರಲಿ ಅಂದೆ.
ಫ್ಯಾನಿನ ಗಾಳಿಗೆ ಹಾರೀತೆಂದು
ಮೇಲೆ ಆ ಮುದ್ರೆಯನ್ನು ಇಟ್ಟೆ.