ಹಗ್ಗ

ಪುಂಟಾ ಅರೇನಾಸ್‌ನಲ್ಲಿ ಗಾಳಿ ಕೆರಳಿದ ದಿನ
ಬೀದಿಬದಿಗೆ ಹಗ್ಗ ಕಟ್ಟುತ್ತಾರೆ,
ಹಿಡಿದು ನಡೆಯಲು.

ಎದುವಿನಾ ಮೂರು ದಿನದಿಂದ ಪರದೆ ಸರಿಸಿಲ್ಲ.
ಏನಾಯಿತೆಂದರೆ ಏನೂ ಆಗಿಲ್ಲ;
ಮನಸ್ಸು ಒದ್ದೆ ಕಂಬಳಿ, ಅಷ್ಟೆ.
ಇವತ್ತು ಮೀನು ಮುಗಿಯಿತು.
ಬೆಕ್ಕು ನೆಪ ಕೇಳುವುದಿಲ್ಲ.

ಹೊರಟಳು, ರಾತ್ರಿಯುಡುಪಿನ ಮೇಲೇ ಕೋಟು.
ತಿರುವಿನಲ್ಲಿ ಗಾಳಿ ಎದೆಗೇ ಕೈಕೊಟ್ಟು ನೂಕಿತು.
ಹಗ್ಗದ ಆ ತುದಿಯಲ್ಲೊಬ್ಬ ಮುದುಕ,
ಬಗಲಲ್ಲಿ ಬ್ರೆಡ್ಡು.
ಅವನು ಜಗ್ಗಿದರೆ ಇವಳ ಅಂಗೈ ನಡುಗಿತು,
ಇವಳು ವಾಲಿದರೆ ಅವನು ತೂಗಿದ.

ನಡುವೆ ಸಿಕ್ಕಾಗ ಯಾರು ಕೈ ಬಿಡುವುದು?
ತಬ್ಬಿದಂತೆ ಬಳಸಿ ದಾಟುವಾಗ
ಅವನ ಟೋಪಿ ಹಾರಿತು ಜಲಸಂಧಿಯ ಕಡೆಗೆ.
"ಹೋಗಲಿ, ಅತ್ತೆ ಹೆಣೆದದ್ದು. ಕಡಿಯುತ್ತಿತ್ತು."

ನಗು ಬಂತು. ಎಲ್ಲಿತ್ತೋ, ತುಕ್ಕು ಹಿಡಿದ ದನಿ.

ಮನೆಗೆ ಬಂದಮೇಲೂ ಕಂಬಳಿ ಒಣಗಿರಲಿಲ್ಲ.
ಬೆಕ್ಕು ತಿನ್ನುವುದನ್ನು ನೋಡಲೆಂದು
ಒಂದು ಪರದೆ ಸರಿಸಿದಳು.