ಮೋರಿಯಾಚೆ ಬೇರೆ ಸರ್ಕಾರ

ನಮ್ಮ ವಕೀಲರ ಮನೆ ಮೈಸೂರು ಸೀಮೆಯಲ್ಲಿ,
ಕಕ್ಕಸು ಮಾತ್ರ ಇಂಗ್ಲಿಷರ ದಂಡಿನಲ್ಲಿ.
ಹಾಗಂತ ಅವರೇ ಹೇಳಿ ನಗುತ್ತಿದ್ದರು,
ಕಕ್ಷಿಗಾರರು ಫೀಜಿನ ಮಾತೆತ್ತುವ ಮುಂಚೆ.

ನಾನು ಗುಮಾಸ್ತ. ಇಪ್ಪತ್ತಾರು ವರ್ಷ
ಅವರ ಬಸ್ತಾ ಹೊತ್ತು ಮೋರಿ ದಾಟಿದವನು.
ಈಚೆ ದಡಕ್ಕೆ ಮಹಾರಾಜರ ಸ್ಟಾಂಪು,
ಆಚೆ ದಡಕ್ಕೆ ಚಕ್ರವರ್ತಿಯ ಸ್ಟಾಂಪು,
ಎರಡಕ್ಕೂ ನನ್ನದೇ ಎಂಜಲು.

ವಕೀಲ ಪಿಳ್ಳಪ್ಪನವರಿಗೆ ಇದ್ದದ್ದು ಒಂದೇ ಪೇಟ.
ಪೇಟೆಯ ಕೋರ್ಟಿಗೆ ಜರಿ ಮುಂದೆ,
ದಂಡಿನ ಕೋರ್ಟಿಗೆ ಜರಿ ಹಿಂದೆ.
ಹೂದೋಟದವರ ಮಗ. ಉಗುರ ಸಂದಿನ ಮಣ್ಣು
ಕೊನೆತನಕ ಹೋಗಲಿಲ್ಲ;
ಎದುರು ವಕೀಲರ ಕಣ್ಣು ಮೊದಲು ಬೀಳುತ್ತಿದ್ದದ್ದು ಅಲ್ಲಿಗೇ.

ಆಗ ಕಳ್ಳನಿಗೆ ಆರಡಿ ಜಿಗಿತ ಸಾಕಿತ್ತು.
ಸರ ಕಿತ್ತವನು ಮೋರಿ ಹಾರಿ
ಆಚೆ ನಿಂತು ಬೀಡಿ ಹಚ್ಚುತ್ತಿದ್ದ.
ಈಚೆಯ ಪೊಲೀಸು ಬಾಯ್ತುಂಬ ಬೈದು
ಅರ್ಜಿ ಬರೆಸಲು ನಮ್ಮಲ್ಲಿಗೆ ಬರುತ್ತಿದ್ದ.
ಮರುದಿನ ಕಳ್ಳನೂ ಬರುತ್ತಿದ್ದ.
ಇಬ್ಬರಿಗೂ ಅದೇ ಬೆಂಚು.

ಕಾಶೀಂ ಸಾಬರ ಮೇಕೆ
ಈಚೆ ಹುಟ್ಟಿ, ಆಚೆ ಮೇಯ್ದು,
ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿತ್ತು.
‘ಸ್ವಾಮಿ, ಹೊಟ್ಟೆಯೊಳಗಿನ ಹುಲ್ಲಿಗೂ ಸುಂಕವುಂಟೇ?’
ಅಂದರು ನಮ್ಮವರು. ಮುನ್ಸೀಫರು ಕನ್ನಡಕ ತೆಗೆದು ಒರೆಸಿದರು.
ಗೆದ್ದೆವು. ಅಷ್ಟರಲ್ಲಿ ಮೇಕೆ
ಜಪ್ತಿ ಕೊಟ್ಟಿಗೆಯಲ್ಲಿ ಸತ್ತಿತ್ತು.
ಸಾಬರು ತೀರ್ಪಿನ ನಕಲು ಮಡಿಸಿ
ಟೋಪಿಯೊಳಗಿಟ್ಟುಕೊಂಡು ಹೋದರು.
ಫೀಜು ಬಾಕಿ ಪುಸ್ತಕದಲ್ಲಿ ಇನ್ನೂ ಇದೆ.

ಆಮೇಲೆ ಹಿಡಿಯಿತು ಪ್ರಜಾಪ್ರತಿನಿಧಿ ಸಭೆಯ ಹುಚ್ಚು.
ದಸರೆಗೆ ಮೈಸೂರು ರೈಲು, ಮೂರನೇ ಕ್ಲಾಸು,
ಚಕ್ಕುಲಿ ಗಂಟಿನ ಮೇಲೆ ಮೋರಿಯ ನಕಾಶೆ.
‘ದಂಡಿನ ಕೊಳಕು ನಮ್ಮ ಕೇರಿಗೆ ಹರಿಯುತ್ತದೆ,
ಮೋರಿ ಯಾರದು?’
ಪರಿಶೀಲನೆಯಲ್ಲಿದೆ.
ಒಂಬತ್ತು ವರ್ಷ ಪರಿಶೀಲನೆಯಲ್ಲಿತ್ತು.
ಹತ್ತನೆಯ ಸಲ ಸೀಸೆಯಲ್ಲಿ ಮೋರಿ ನೀರನ್ನೇ ಒಯ್ದರು.
ಬಾಗಿಲ ಜವಾನ, ಅತ್ತರೆಂದು ತಿಳಿದು,
ಬಿರಡೆ ತೆಗೆದು ಮೂಸಿದ.
‘ಈ ವರ್ಷ ಸಭೆಯಲ್ಲಿ ನಮ್ಮ ಮಾತು ತಟ್ಟಿದ್ದು
ಅವನೊಬ್ಬನಿಗೆ ಕಣಯ್ಯಾ’ ಅಂದರು
ಬರುವಾಗ ಮದ್ದೂರಿನಲ್ಲಿ, ವಡೆ ಮುರಿಯುತ್ತ.

ಒಂದು ಮಾತ್ರ ಅವರು ನಗದೆ ಹೇಳಿದ್ದು. ಹೇಳಿದ್ದಲ್ಲ,
ನಾನು ಕಂಡದ್ದು.
ನಲವತ್ತೆರಡರಲ್ಲಿ ಒಬ್ಬ ಕಾಲೇಜು ಹುಡುಗ
ಮೋರಿಯ ಮಧ್ಯೆ ಮಂಡಿಯುದ್ದ ಕೊಚ್ಚೆಯಲ್ಲಿ ನಿಂತಿದ್ದ,
ಎರಡೂ ದಡದಲ್ಲಿ ಲಾಠಿ.
‘ವಕೀಲರೇ, ನಾನೀಗ ಯಾವ ಸರ್ಕಾರದಲ್ಲಿದ್ದೀನಿ?’
ಉತ್ತರ ನಮ್ಮವರಿಗೆ ಗೊತ್ತಿತ್ತು,
ಗಜ ಅಂಗುಲದ ಸಮೇತ ಬಾಯಿಪಾಠ.
ಎರಡು ಕೋರ್ಟಿನ ಎರಡು ಸನ್ನದು ಗೋಡೆಯಲ್ಲಿ ತೂಗುತ್ತಿದ್ದವು.
ಕಿಟಕಿ ಹಾಕಿಕೊಂಡರು.
ರಾತ್ರಿ ಎರಡು ಜಾಮೀನು ಅರ್ಜಿ ಹೇಳಿ ಬರೆಸಿದರು,
ಎರಡಕ್ಕೂ ಸ್ಟಾಂಪಿನ ದುಡ್ಡು ಅವರದೇ.
ಆ ಹುಡುಗನ ಹೆಸರಿಗೆ ಜಾಗ ಬಿಟ್ಟಿದ್ದೆವು.
ಕೇಳಿಕೊಂಡಿರಲಿಲ್ಲ.

ಕೊನೆಗೆ ಗಡಿಯೇ ಹೋಯಿತು.
ದಂಡು, ಪೇಟೆ ಎಲ್ಲ ಒಂದೇ ಬೆಂಗಳೂರು ಅಂದರು, ಪಟಾಕಿ ಹೊಡೆದರು.
ನಮ್ಮ ಬೆಂಚಿನ ಮೇಲೆ ಬೆಕ್ಕು ಮಲಗಿತು.
ಹಾಸಿಗೆ ಹಿಡಿದ ಮೇಲೆ ಒಂದು ಸಂಜೆ ಕೇಳಿದರು:
‘ಮೋರಿ ಈಗ ಯಾರದೋ?’
‘ನಮ್ಮದೇ, ಸ್ವಾಮಿ.’
ವಾಸನೆ ಹಾಗೇ ಇತ್ತು. ಬಹಳ ಹೊತ್ತು ಸುಮ್ಮನಿದ್ದು
‘ಹಾಗಾದರೆ ದಾವೆ ಯಾರ ಮೇಲೆ ಹಾಕೋದು?’ ಅಂದರು.

ಕಿತ್ತ ಗಡಿಕಲ್ಲನ್ನು ಸುಂಕದವನು
ನಮ್ಮ ಹಿತ್ತಲಿಗೇ ತಂದು ಹಾಕಿದ್ದ.
ಒಂದು ಮುಖದಲ್ಲಿ ಅಕ್ಷರ, ಇನ್ನೊಂದು ನುಣುಪು.
ಅಮ್ಮಾವರು ಅಕ್ಷರದ ಕಡೆಯೇ ಬಟ್ಟೆ ಒಗೆಯುತ್ತಾರೆ,
ಕೊಳೆ ಚೆನ್ನಾಗಿ ಬಿಡುತ್ತದಂತೆ.