ಅನ್ನಭೇದಿ

ಅಮ್ಮತ್ತಿ ಕಡೆಯ ತೋಟದಲ್ಲಿ ರೈಟ್ರು ನಾನು.
ಹೆಸರಿಗಷ್ಟೇ. ಬರೆಯುವುದು
ಯಾರು ಎಷ್ಟು ಕುಯ್ದರು, ಪಲ್ಪರಿಗೆ ಎಷ್ಟು ಬಿತ್ತು,
ಡೀಸೆಲ್ಲು, ಗೋಣಿ, ನಾಗಾ.

ಪಲ್ಪರು ಕುಡಿದ ನೀರಿಗೆ ಕಾಲಮ್ಮು ಇರಲಿಲ್ಲ.
ಕಾರಿದ್ದು ತೊರೆಗೆ ಹೋಗುತ್ತಿತ್ತು
ಜನವರಿ ಪೂರ್ತಿ, ರಾತ್ರಿ ಹೊತ್ತು.

ಹೋದ ವರ್ಷ ಕೆಳಗಿನ ಹಾಡಿಯ ಬೊಳ್ಚಿ
ಬಿಂದಿಗೆ ತಂದು ಮಸ್ಟರ್ ಬುಕ್ಕಿನ ಮೇಲೇ ಇಟ್ಟಳು.
ಹುಳಿ ನಾತ. ಕಂದು ನೊರೆ.
ಹೊಟ್ಟೆ ಮೇಲಾಗಿ ಎರಡು ಮೀನು.
"ಇದನ್ನೂ ಬರ್ಕೊಳ್ಳಿ ರೈಟ್ರೇ."
ಬಿಂದಿಗೆಯ ತಳದ ಉಂಗುರ
ಆ ಪುಟದಲ್ಲಿ ಇನ್ನೂ ಇದೆ,
ಹನ್ನೊಂದು ಜನರ ಹಾಜರಿಯ ಸುತ್ತ.

ಈ ವರ್ಷ ಪೊನ್ನಂಪೇಟೆಯಿಂದ ದೇಚಮ್ಮ ಬಂದಳು:
ನೀಲಿ ಕ್ಯಾನು, ಬಣ್ಣ ನೋಡುವ ಕಾಗದ,
ಒಂದು ಪೊಟ್ಟಣ ತಿಳಿಹಸಿರು ಹರಳು.
ಬೆರಳಿಗೆ ಹತ್ತಿದ್ದನ್ನು ನೆಕ್ಕಿದೆ. ಬೈದಳು.
ಆದರೆ ನಾಲಿಗೆ ಆಗಲೇ ಗುರುತು ಹಿಡಿದಿತ್ತು. ಅನ್ನಭೇದಿ!
ಮುತ್ತಜ್ಜ ಅಳಲೆಕಾಯಿ ಕುದಿಸಿ
ಇದನ್ನೇ ಹಾಕಿ ಮಸಿ ಮಾಡುತ್ತಿದ್ದನಂತೆ.

ತೊಟ್ಟಿಗೆ ಸುರಿದಳು. ನೋಡುತ್ತಿದ್ದಂತೆ
ನೀರು ಅಮಾಸೆಯ ಕಪ್ಪು.
ಹಣ್ಣಿನ ಒಗರು ಕಬ್ಬಿಣ ಕಂಡರೆ ಹೀಗೇ, ಎಂದಳು.
ಎಂಟು ಸಾವಿರ ಲೀಟರು ಮಸಿ,
ಮೂವತ್ತು ವರ್ಷ ಬರೆಯದೆ ಬಿಟ್ಟವನ ಮುಂದೆ.

ಆಮೇಲೆ ನೀಲಿ ಕ್ಯಾನು. ಕಂಪೌಂಡರು ಗಾಯಕ್ಕೆ ಹಾಕುತ್ತಿದ್ದ
ಅದೇ ಪೆರಾಕ್ಸೈಡು, ಅದಕ್ಕಿಂತ ಎಷ್ಟೋ ಖಾರ.
ತೊಟ್ಟಿ ಬುಸುಗುಟ್ಟಿತು, ಬೆಚ್ಚಗಾಯಿತು.
"ಒಳಗೆ ಒಂದು ಹುಟ್ಟುತ್ತದೆ," ಎಂದಳು,
"ರೆಪ್ಪೆ ಬಡಿಯುವಷ್ಟೂ ಆಯುಸ್ಸಿಲ್ಲ ಅದಕ್ಕೆ.
ಸಾಯುವ ಮುಂಚೆ ಸಿಕ್ಕಿದ್ದನ್ನು ಕಚ್ಚುತ್ತದೆ.
ಮುಲಾಜಿಲ್ಲ."
ಮತ್ತೆ ಕಬ್ಬಿಣ?
"ಕೊಟ್ಟು ತುಕ್ಕಾಗುತ್ತದೆ. ಸ್ವಲ್ಪ ಮರಳುತ್ತದೆ,
ಮತ್ತೆ ಕೊಡುವುದಕ್ಕೆ. ಪೂರ್ತಿ ಅಲ್ಲ."

ಮೂರು ಗಂಟೆಗೆ ಸುಣ್ಣ ಹಾಕಿದೆವು.
ಹಿಂಜಿದ ಹತ್ತಿಯ ಹಾಗೆ ತುಕ್ಕು ಇಳಿಯಿತು.
ಮೇಲೆ ನಿಂತ ನೀರಲ್ಲಿ
ತಲೆಕೆಳಗಾಗಿ ಒಂದು ಸಿಲ್ವರ್ ಓಕು.

ಬೊಳ್ಚಿ ಬಂದಳು. ನೀರು ಮುಟ್ಟಲಿಲ್ಲ.
ಸೆರಗಿನ ಮರೆಯಿಂದ ಡಬ್ಬಿ ತೆಗೆದಳು,
ಒಳಗೆ ಬೆರಳುದ್ದದ ಮೀನು, ಬದುಕಿದ್ದು.
ಬಗ್ಗಿಸುವಷ್ಟರಲ್ಲಿ ದೇಚಮ್ಮ ಕೈ ಹಿಡಿದಳು.
"ಇವತ್ತು ಬೇಡ. ಕಚ್ಚುವುದು ಇನ್ನೂ ಇದೆ.
ನಾಳೆ ಬೆಳಿಗ್ಗೆ."

ಡಬ್ಬಿ ಈಗ ನನ್ನ ಮೇಜಿನ ಮೇಲೆ.
ಮೀನು ಸುತ್ತುತ್ತಿದೆ, ಲಾಟೀನಿಗೆ ಬೆದರಿ.
ಗೋಣಿಯಲ್ಲಿ ತುಕ್ಕಿನ ಕೆಸರು ಸೋರುತ್ತಿದೆ;
ಎಲ್ಲಿ ಹೂಳುವುದೋ ಯಾರೂ ಹೇಳಿಲ್ಲ.
ಮಸ್ಟರ್ ಬುಕ್ಕಿಗೆ ಸ್ಕೇಲಿಟ್ಟು
ಹೊಸ ಕಾಲಮ್ಮು ಎಳೆದಿದ್ದೇನೆ.
ತಲೆಬರಹಕ್ಕೆ ಪದ ಸಿಕ್ಕಿಲ್ಲ.